ಬೀಡಿನ ಎಂಜಿನ್ನಿನ ಭಕ್ತರ ಮೇಲೆ ಒಂದು ತಕರಾರು

ಕಳೆದ ತಿಂಗಳು ನಮ್ಮ ಸಂಘದ ವಾರ್ಷಿಕ ಸಭೆ ಮುಗಿದು, ಉಪ್ಪಿಟ್ಟು ಚಹಾದ ಹೊತ್ತಿಗೆ, ಹೊರಗಿನ ಪಡಸಾಲೆಯಲ್ಲಿ ಒಂದು ಚಿಕ್ಕ ನ್ಯಾಯಾಲಯ ನಡೆಯಿತು. ಕಟಕಟೆಯಲ್ಲಿ ನಿಂತವನು ರಾಣೇಬೆನ್ನೂರ ಕಡೆಯ ಒಬ್ಬ ತರುಣ. ಭೋಸರಿಯ ಒಂದು ಕಾರಖಾನೆಯಲ್ಲಿ ನೌಕರಿ. ಮದುವೆಯಾಗಿ ಎರಡು ವರ್ಷ. ಅವನ ಪ್ರಶ್ನೆ ಸರಳವಾಗಿತ್ತು. "ಕಾಕಾ, ಒಂದು ಲಕ್ಷ ಹತ್ತು ಸಾವಿರ ಕೂಡಿಸೀನಿ. ಸೆಕೆಂಡ್ ಹ್ಯಾಂಡ್ ಬುಲೆಟ್ ತಗೋಬೇಕಂತ ಮಾಡೀನಿ. ಇಬ್ರೂ ಕೂಡಿ ಊರಿಗೆ ಹೋಗಿ ಬರಾಕ ಆಗ್ತದ, ಹಂಗ ಒಂದೀಟು ಕೊಂಕಣ, ಗೋವಾ ತಿರುಗಾಕೂ ಆಗ್ತದ. ಹಳೇದು ತಗೊಳ್ಲೋ, ಹೊಸಾ ಮಾದರೀದು ತಗೊಳ್ಲೋ?"

ಪಡಸಾಲೆಯಲ್ಲಿದ್ದ ಹಿರಿಯರೆಲ್ಲ ಒಕ್ಕೊರಲಿನಿಂದ ತೀರ್ಪು ಕೊಟ್ಟರು. ತಗೊಂಡರೆ ಬೀಡಿನ ಎಂಜಿನ್ನಿನದೇ ತಗೋಬೇಕು; ಅದರ ನಂತರ ಬಂದದ್ದೆಲ್ಲ ತಗಡಿನ ಡಬ್ಬ. ಒಬ್ಬರು ಡಗ್ ಡಗ್ ಸದ್ದನ್ನು ಬಾಯಿಂದಲೇ ಮಾಡಿ ತೋರಿಸಿದರು. ಇನ್ನೊಬ್ಬರು 1979ರಲ್ಲಿ ತಾವು ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋದ ಕಥೆಯನ್ನು, ಅರಬೈಲು ಘಟ್ಟದ ಒಂದೊಂದು ತಿರುವಿನ ಸಮೇತ, ವರ್ಣಿಸಿದರು. ಆ ಹುಡುಗನ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಅವನ ಹೆಂಡತಿ ನಡುವೆ ಒಂದೇ ಒಂದು ಮಾತು ಕೇಳಿದಳು: "ಕಾಕಾ, ಅದರಾಗ ಬ್ರೇಕ್ ಹ್ಯಾಂಗಿರ್ತಾವ್ರಿ?" ಎಲ್ಲರೂ ನಕ್ಕರು. "ಬುಲೆಟ್ ಅಂದ್ರ ಓಡಸೂ ಗಾಡಿ ಅವ್ವಾ, ನಿಲ್ಲಸೂ ಗಾಡಿ ಅಲ್ಲ" ಎಂದು ಒಬ್ಬರು ಹೇಳಿದರು. ಮತ್ತೊಮ್ಮೆ ನಗೆ. ಹುಡುಗಿ ಸುಮ್ಮನಾದಳು.

ನಾನೂ ಸುಮ್ಮನಿದ್ದೆ. ಬಾಯಲ್ಲಿ ಉಪ್ಪಿಟ್ಟಿತ್ತು ಎಂಬುದು ನೆವ. ಸುಮ್ಮನಿದ್ದುದಕ್ಕೆ ನಿಜವಾದ ಕಾರಣ ಬೇರೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅಂದು ಆ ಹುಡುಗಿ ಕೇಳಿದ ಪ್ರಶ್ನೆಯೊಂದೇ ಇಡೀ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಯಾಗಿತ್ತು ಎಂಬ ಮಾತು ಮನಸ್ಸಿನಲ್ಲಿ ಕೊರೆಯುತ್ತ ಉಳಿದದ್ದರಿಂದ, ಸಂಪಾದಕರು ಎಷ್ಟು ಪುಟ ಕೊಡುತ್ತಾರೋ ಅಷ್ಟರಲ್ಲಿ ಉತ್ತರ ಬರೆಯಲು ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಶತ್ರುಪಕ್ಷದವನಲ್ಲ. ನಮ್ಮ ಸೊಸಾಯಟಿಯ ಕೆಳಗೆ ತಾಡಪತ್ರಿ ಹೊದ್ದು ನಿಂತಿರುವ 1986ರ ಬುಲೆಟ್ಟು ನನ್ನದೇ. 1994ರಲ್ಲಿ ಕೊಂಡೆ. ಅದರ ಮೇಲೆ ಪುಣೆಯಿಂದ ಧಾರವಾಡಕ್ಕೆ ಎಷ್ಟು ಸಲ ಹೋಗಿ ಬಂದೆ ಎಂಬ ಲೆಕ್ಕ ನನಗೇ ಇಲ್ಲ. ಕಾತ್ರಜದಿಂದ ಹಿಡಿದು ಖಂಬಾಟಕಿ, ಸಾತಾರಾ, ಕರಾಡ, ಕೊಲ್ಹಾಪುರ, ಕಾಗಲ, ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ, ಸುಮಾರು 420 ಕಿಲೋಮೀಟರ್ ದಾರಿಯ ಚಹಾದ ಅಂಗಡಿಗಳೆಲ್ಲ ಒಂದು ಕಾಲಕ್ಕೆ ನನಗೆ ಬಾಯಿಪಾಠವಾಗಿದ್ದವು. ಆದ್ದರಿಂದ ಬುಲೆಟ್ ಗೊತ್ತಿಲ್ಲದವನು ಬುಲೆಟ್ಟಿನ ಮೇಲೆ ಬರೆದ ಎಂಬ ಆಕ್ಷೇಪಣೆಗೆ ಜಾಗವಿಲ್ಲ.

ಈಗ, ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಬುಲೆಟ್ ಎಂಬ ಹೆಸರು ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯದು, 1932ರಷ್ಟು ಹಳೆಯದು. ನಮ್ಮ ಸೈನ್ಯಕ್ಕೆ ಗಡಿ ಕಾಯಲು ಗಟ್ಟಿಯಾದ ಮೋಟಾರು ಸೈಕಲ್ಲು ಬೇಕಾಗಿ, ಐವತ್ತರ ದಶಕದಲ್ಲಿ ಮದ್ರಾಸ್ ಮೋಟಾರ್ಸ್‌ನವರು ರೆಡಿಚ್ಚಿನವರ ಜೊತೆ ಸೇರಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದರು, ತಿರುವೊಟ್ಟಿಯೂರಿನಲ್ಲಿ ಕಾರಖಾನೆಯಾಯಿತು. ಮೂಲ ಇಂಗ್ಲಿಷ್ ಕಂಪನಿ 1970ರ ಹೊತ್ತಿಗೆ ಬಾಗಿಲು ಹಾಕಿತು. ಆದರೆ ಅಲ್ಲಿ ಸತ್ತದ್ದು ಇಲ್ಲಿ ಬದುಕಿತು. 346 ಸಿ.ಸಿ., 70 ಮಿಲಿಮೀಟರ್ ಬೋರು, 90 ಮಿಲಿಮೀಟರ್ ಸ್ಟ್ರೋಕು. ಸಿಲಿಂಡರು ಬೀಡು ಕಬ್ಬಿಣದ್ದು. ಎಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ, ನಡುವೆ ಚೈನು. ಅಲ್ಲಲ್ಲಿ ತೇಪೆ ಹಾಕುತ್ತ ಇದೇ ಎಂಜಿನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. 2009-10ರ ಸುಮಾರಿಗೆ ಅದರ ಜಾಗಕ್ಕೆ ಎಂಜಿನ್ನು, ಕ್ಲಚ್ಚು, ಗೇರ್ ಬಾಕ್ಸು ಮೂರೂ ಒಂದೇ ಪೆಟ್ಟಿಗೆಯಲ್ಲಿರುವ ಅಲ್ಯೂಮಿನಿಯಮ್ ಎಂಜಿನ್ನು ಬಂತು. ಯೂನಿಟ್ ಕನ್‌ಸ್ಟ್ರಕ್ಷನ್ ಎಂಬ ಇಂಗ್ಲಿಷ್ ಹೆಸರನ್ನು ಮೊಟಕು ಮಾಡಿ ಎಲ್ಲರೂ ಅದನ್ನು ಯುಸಿಇ ಎನ್ನುತ್ತಾರೆ. ಆಮೇಲೆ ಮೂರನೆಯ ತಲೆಮಾರು: 349 ಸಿ.ಸಿ.ಯ ಜೆ ಸೀರೀಸ್ ಎಂಜಿನ್ನು 2020ರಲ್ಲಿ ಮೀಟಿಯೋರ್ ಎಂಬ ಗಾಡಿಯಲ್ಲಿ, 2021ರಲ್ಲಿ ಕ್ಲಾಸಿಕ್‌ನಲ್ಲಿ, 2023ರಲ್ಲಿ ಬುಲೆಟ್ಟಿನಲ್ಲೇ ಬಂತು. ಹೀಗೆ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಇಂದು ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಮುಖ ಹೊತ್ತು ನಿಂತಿದ್ದಾರೆ. ಟ್ಯಾಂಕಿನ ಆಕಾರ ಒಂದೇ, ಅದರ ಮೇಲಿನ ಬಂಗಾರದ ಗೆರೆಯೂ ಒಂದೇ. ಮೋಸ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಡ.

ಅಜ್ಜನ ಪರವಾಗಿ ಹಿರಿಯರು ಹೇಳುವ ಮೊದಲನೆಯ ಮಾತು, ಅದು ಗಟ್ಟಿ ಎಂಬುದು. ಗಟ್ಟಿ ಎಂದರೆ ಏನು? ಭಾರವೇ? ಭಾರವಾದದ್ದೆಲ್ಲ ಗಟ್ಟಿಯಾಗಿದ್ದರೆ ನಮ್ಮ ಅಜ್ಜಿಯ ಬೀಸುವ ಕಲ್ಲಿನ ಮೇಲೆ ಕೂತು ಊರಿಗೆ ಹೋಗಬಹುದಿತ್ತು. ಹಳೆಯ ಎಂಜಿನ್ನಿನ ನಿಜವಾದ ಗುಣ ಗಟ್ಟಿತನವಲ್ಲ, ತಾಳ್ಮೆ. ಪಾಯಿಂಟ್ ಸವೆದರೂ, ಟ್ಯಾಪೆಟ್ ಸಡಿಲಾದರೂ, ಎಣ್ಣೆ ಸೋರಿದರೂ ಅದು ಗೊಣಗುತ್ತ ನಡೆಯುತ್ತದೆ. ಆದರೆ ಅದರ ಆ ತಾಳ್ಮೆಗೆ ಪ್ರತಿಯಾಗಿ ನಿಮ್ಮ ಪ್ರತಿ ಭಾನುವಾರ ಮುಂಜಾನೆಯನ್ನು ಕೇಳುತ್ತದೆ. ಟ್ಯಾಪೆಟ್ ಕೈಯಿಂದ ಹೊಂದಿಸಬೇಕು, ಪಾಯಿಂಟ್ ಉಜ್ಜಬೇಕು, ಚೈನು ಬಿಗಿಯಬೇಕು, ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು, ಯಾಕೆಂದರೆ ಆ ಕಂಪನಕ್ಕೆ ಅವು ತಾವಾಗಿಯೇ ಕಳಚಿಕೊಳ್ಳುತ್ತವೆ. ಯುಸಿಇಯಲ್ಲಿ ಟ್ಯಾಪೆಟ್ಟಿನ ಗೊಡವೆಯೇ ಇಲ್ಲ; ಅವು ಎಣ್ಣೆಯ ಒತ್ತಡದಿಂದ ತಾವೇ ಹೊಂದಿಕೊಳ್ಳುತ್ತವೆ. ಮೊಮ್ಮಗನಲ್ಲಿ ಕಂಪನ ತಗ್ಗಿಸಲೆಂದೇ ಒಂದು ತೂಕದ ದಂಡವನ್ನು ಕೂಡಿಸಿದ್ದಾರೆ. ವಾರಕ್ಕೆ ಆರು ದಿನ ಪಾಳಿಯಲ್ಲಿ ದುಡಿಯುವ ಹುಡುಗನ ಏಳನೆಯ ದಿನವನ್ನೂ ಸ್ಪ್ಯಾನರಿಗೆ ಬರೆದುಕೊಡಬೇಕು ಎಂದು ಹೇಳಲು ನಾವು ಯಾರು?

ಎರಡನೆಯ ಮಾತು ರಿಪೇರಿಯದು. ಹಳೆಯದಾದರೆ ಯಾವ ಊರಿನ ಯಾವ ಮಿಸ್ತ್ರಿಯಾದರೂ ಗಿಡದ ಕೆಳಗೆ ಬಿಚ್ಚಿ ಜೋಡಿಸುತ್ತಾನೆ, ಹೊಸದಕ್ಕೆ ಕಂಪ್ಯೂಟರ್ ಬೇಕು ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇನೆ. ಒಂದು ಕಾಲಕ್ಕೆ ಕರಾಡದಿಂದ ಬೆಳಗಾವಿಯವರೆಗೆ ಪ್ರತಿ ಊರಲ್ಲೂ ಸದ್ದು ಕೇಳಿಯೇ ರೋಗ ಹೇಳುವ ಮಿಸ್ತ್ರಿಗಳಿದ್ದರು. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಯ ಪಕ್ಕ ಒಬ್ಬ ಮುದುಕರಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ, ವೈದ್ಯರು ನಾಡಿ ನೋಡಿದಂತೆ ನೋಡುತ್ತಿದ್ದರು. ಅವರು ಹೇಳಿದ್ದು ತಪ್ಪಿದ್ದು ನನಗೆ ನೆನಪಿಲ್ಲ. ಆದರೆ ಅವರು ಈಗಿಲ್ಲ. ಅವರ ಮಗ ಅದೇ ಜಾಗದಲ್ಲಿ ಮೊಬೈಲಿನ ಅಂಗಡಿ ಇಟ್ಟಿದ್ದಾನೆ, ಮತ್ತು ಅದು ಅವನ ತಪ್ಪಲ್ಲ. ಉಳಿದ ಮಿಸ್ತ್ರಿಗಳೂ ತಮ್ಮ ಹೊಟ್ಟೆಪಾಡಿಗೆ ಈಗಿನ ಗಾಡಿಗಳನ್ನೇ ಕಲಿತಿದ್ದಾರೆ. ಹಳೆಯ ಮಿಸ್ತ್ರಿಯಿಲ್ಲದೆ ಹಳೆಯ ಗಾಡಿಯ ಸುಲಭ ರಿಪೇರಿ ಎಂಬುದು ಪುರೋಹಿತರಿಲ್ಲದ ಮದುವೆ ಮಂಟಪ. ಯುಸಿಇಗೆ ಅದರಲ್ಲೂ ಕಾರ್ಬುರೇಟರ್ ಇರುವ ಗಾಡಿಗೆ, ಇಂದು ಹೆದ್ದಾರಿಯ ಪಕ್ಕದ ತಾಲೂಕು ಊರುಗಳಲ್ಲೆಲ್ಲ ಕೈ ಹಚ್ಚುವವರಿದ್ದಾರೆ, ಸಾಮಾನೂ ಸಿಗುತ್ತದೆ. 2020ರ ನಂತರದ ಇಂಜೆಕ್ಷನ್ ಗಾಡಿ ನಡುದಾರಿಯಲ್ಲಿ ಮುನಿಸಿಕೊಂಡರೆ ಟೆಂಪೋ ಹುಡುಕಬೇಕಾದೀತು, ಅದು ನಿಜ. ಆದರೆ ಮುನಿಸಿಕೊಳ್ಳುವ ಸರದಿಯೂ ಅಷ್ಟೇ ಅಪರೂಪ.

ಇನ್ನು ಪೆಟ್ರೋಲಿನ ವಿಷಯವನ್ನು ಪಡಸಾಲೆಯಲ್ಲಿ ಯಾರೂ ಎತ್ತಲಿಲ್ಲ. 2025ರ ಹೊತ್ತಿಗೆ ದೇಶದ ಬಹುತೇಕ ಪಂಪುಗಳಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ಎಂಬತ್ತರ ದಶಕದ ರಬ್ಬರ್ ನಳಿಕೆ, ವಾಶರು, ಕಾರ್ಬುರೇಟರಿನ ಒಳಗಿನ ಬಿಡಿಭಾಗಗಳು ಇದಕ್ಕಾಗಿ ಮಾಡಿದವಲ್ಲ. ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ. ನನ್ನ ಗಾಡಿಯ ನಳಿಕೆಗಳನ್ನು ನಾನು ಇತ್ತೀಚೆಗೆ ಎರಡು ಸಲ ಬದಲಿಸಿದ್ದೇನೆ. ನಾನು ನಿವೃತ್ತ, ನನಗೆ ಕೆಲಸವಿಲ್ಲ.

ಈಗ ಬ್ರೇಕಿಗೆ ಬರೋಣ. ನಾನು ಅಂದು ಯಾಕೆ ಬಾಯಿ ಬಿಡಲಿಲ್ಲ ಎಂಬುದಕ್ಕೂ ಇದೇ ಜಾಗ.

ಬೀಡಿನ ಎಂಜಿನ್ನಿನ ಹೆಚ್ಚಿನ ಬುಲೆಟ್ಟುಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಅದು ಹಳೆಯ ಇಂಗ್ಲಿಷ್ ಪದ್ಧತಿ. ಇಂದು ಪೇಟೆಯಲ್ಲಿರುವ ಗಾಡಿಗಳಲ್ಲೆಲ್ಲ ಇದರ ತದ್ವಿರುದ್ಧ: ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ಇಷ್ಟೇ ಅಲ್ಲ, ಹಳೆಯದರಲ್ಲಿ ಮೊದಲನೆಯ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಅಂದರೆ ಬಲಗಾಲಿನಿಂದ ಕೆಳಕ್ಕೆ ತುಳಿದರೆ ಗಾಡಿ ಮೇಲಿನ ಗೇರಿಗೆ ಹೋಗುತ್ತದೆ. ಹಳಬರಾದ ನಮಗೆ ಇದು ಎಡಗೈಯಲ್ಲಿ ಗಡಿಯಾರ ಕಟ್ಟಿದಷ್ಟು ಸಹಜ. ಬೇರೆ ಗಾಡಿಯಲ್ಲಿ ಕಲಿತವನಿಗೆ, ಸಾವಧಾನವಾಗಿ ಓಡಿಸುವಾಗ ಎರಡು ದಿನಗಳಲ್ಲಿ ಇದೂ ರೂಢಿಯಾಗುತ್ತದೆ. ಆದರೆ ಅಕಸ್ಮಾತ್ತಾಗಿ ಎದುರಿಗೆ ಏನಾದರೂ ಬಂದಾಗ ಕಾಲು ಬುದ್ಧಿಯನ್ನು ಕೇಳುವುದಿಲ್ಲ. ಅದು ಕಲಿತದ್ದನ್ನೇ ಮಾಡುತ್ತದೆ.

2011ರ ದೀಪಾವಳಿಗೆ ನನ್ನ ತಂಗಿಯ ಮಗ ಮತ್ತು ನಾನು ಊರಿಗೆ ಹೊರಟೆವು. ಇಪ್ಪತ್ತಮೂರರ ಹುಡುಗ, ಪುಣೆಗೆ ಬಂದು ಎಂಟು ತಿಂಗಳು, ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ತನ್ನ ನೂರೈವತ್ತು ಸಿ.ಸಿ. ಗಾಡಿಯ ಮೇಲೆ ಹೋಗೋಣ ಎಂದ. ನಾನೇ, ಅಂದು ಪಡಸಾಲೆಯಲ್ಲಿ ಮಾತಾಡಿದ ಹಿರಿಯರಂತೆಯೇ, "ಅದೇನು ಸೊಳ್ಳಿ ಹಂಗ ಗುಂಯ್ ಅಂತದ, ನಡೀ ಬುಲೆಟ್ ಮ್ಯಾಲ ಹೋಗೂಣು, ಗಾಡಿ ಅಂದ್ರ ಏನಂತ ಗೊತ್ತಾಗ್ತದ" ಎಂದು ಹೇಳಿದೆ. ನಿಪ್ಪಾಣಿಯಲ್ಲಿ ಚಹಾ ಕುಡಿದೆವು. "ಮಾಮಾ, ಇಲ್ಲಿಂದ ಮುಂದ ನಾ ಹೊಡೀಲ್ಯಾ?" ಎಂದು ಕೇಳಿದ. ಕೀಲಿಕೈ ಕೊಟ್ಟೆ. ಗೇರು ಎಲ್ಲಿ, ಬ್ರೇಕು ಎಲ್ಲಿ ಎಂದು ಎರಡು ಸಲ ಹೇಳಿಯೂ ಹೇಳಿದೆ. ಹತ್ತು ನಿಮಿಷ ಚೆನ್ನಾಗಿಯೇ ಓಡಿಸಿದ. ನಾನು ಹಿಂದೆ ಕೂತು ಹೆಮ್ಮೆ ಪಟ್ಟೆ.

ತವಂದಿ ಘಟ್ಟದಲ್ಲಿ, ಕಬ್ಬು ತುಂಬಿದ ಎರಡು ಟ್ರೇಲರಿನ ಟ್ರಾಕ್ಟರೊಂದು ರಾಂಗ್ ಸೈಡಿನಿಂದ ಬಂತು. ಹುಡುಗ ಬಲಗಾಲನ್ನು ಬಲವಾಗಿ ಒತ್ತಿದ. ಅವನ ಕಾಲಿಗೆ ಅದೇ ಬ್ರೇಕು. ಮೂರನೆಯ ಗೇರಿನಲ್ಲಿದ್ದ ಗಾಡಿ ನಾಲ್ಕನೆಯದಕ್ಕೆ ಹೋಗಿ, ಎಂಜಿನ್ನಿನ ತಡೆಯೂ ತಪ್ಪಿ, ಇಳಿಜಾರಿನಲ್ಲಿ ಹಗುರಾಗಿ ಮುಂದೆ ಹಾರಿತು. ಆಮೇಲೆ ಮುಂದಿನ ಬ್ರೇಕನ್ನು ಕೈತುಂಬ ಹಿಡಿದ. ಉಸುಕಿನ ಮೇಲೆ ಗಾಲಿ ಜಾರಿತು. ಟ್ರಾಕ್ಟರಿಗೆ ನಾವು ತಾಗಲಿಲ್ಲ. ಗಾಡಿ ಅವನ ಕಾಲಿನ ಮೇಲೆ ಬಿತ್ತು. ನನಗೆ ಮೊಣಕೈ ತರಚಿತು, ಅಷ್ಟೇ. ಅವನ ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿದಿತ್ತು. ಬೆಳಗಾವಿಯಲ್ಲಿ ರಾಡ್ ಹಾಕಿದರು. ಏಳು ತಿಂಗಳು ಊರುಗೋಲು. ಖಾಯಂ ಆಗಬೇಕಿದ್ದ ನೌಕರಿ ಬೇರೆಯವರ ಪಾಲಾಯಿತು. ನನ್ನ ತಂಗಿ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಮಾತಾಡಿದ ದಿನ ಕೇಳಿದ್ದು ಒಂದೇ: "ಅಣ್ಣಾ, ಅವನ ಗಾಡಿ ಮ್ಯಾಲ ಹೋಗಿದ್ರ ಏನಾಗ್ತಿತ್ತು?"

ಗಾಡಿಯದು ಇದರಲ್ಲಿ ಏನೂ ತಪ್ಪಿಲ್ಲ. ಅದು ತನ್ನನ್ನು ಹೇಗೆ ಮಾಡಿದ್ದರೋ ಹಾಗೇ ನಡೆಯಿತು. ಹುಡುಗನದೂ ತಪ್ಪಿಲ್ಲ. ತಪ್ಪು, ತನ್ನ ಕಾಲದ ಗಾಡಿಯನ್ನು ಇನ್ನೊಬ್ಬನ ಕಾಲಿಗೆ ತೊಡಿಸಿದವನದು. ಇಷ್ಟು ವರ್ಷ ಈ ಮಾತನ್ನು ಸಂಘದಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ಕಬ್ಬಿನ ಟ್ರಾಕ್ಟರಿನವನನ್ನು ಬೈಯುತ್ತ ಕಾಲ ಕಳೆದೆ.

ಆದ್ದರಿಂದ ಆ ತಂಗಿಗೆ ನನ್ನ ಉತ್ತರ: ಹಳೆಯದರಲ್ಲಿ ಮುಂದೆ ಡ್ರಮ್ಮು, ಹಿಂದೆ ಡ್ರಮ್ಮು. ಚೆನ್ನಾಗಿ ಹೊಂದಿಸಿದ್ದರೆ, ಒಬ್ಬನೇ ಇದ್ದರೆ, ಅರವತ್ತರ ವೇಗದಲ್ಲಿದ್ದರೆ, ನಿಲ್ಲುತ್ತದೆ. ಇಬ್ಬರು ಕೂತು, ಎರಡು ಚೀಲ ಕಟ್ಟಿ, ಘಟ್ಟ ಇಳಿಯುವಾಗ ಡ್ರಮ್ಮು ಕಾದು ಹಿಡಿತ ಸಡಿಲಾಗುತ್ತದೆ. ಆ ಗಾಡಿ ಮಾಡಿದ ಕಾಲದ ರಸ್ತೆಗೆ ಅದು ಸಾಕಾಗಿತ್ತು. ಆಗ ನಾಲ್ಕನೆಯ ನಂಬರಿನ ಹೆದ್ದಾರಿಯಲ್ಲಿ ಲಾರಿಯೂ ನಲವತ್ತರಲ್ಲೇ ಓಡುತ್ತಿತ್ತು. ಈಗ 48ನೆಯ ನಂಬರು ಹೊತ್ತ ಅದೇ ಹೆದ್ದಾರಿಯಲ್ಲಿ ಕಾರುಗಳು ನೂರರ ಮೇಲೆ ಹೋಗುತ್ತವೆ, ಅವುಗಳ ಬ್ರೇಕೂ ಹಾಗೇ ಇರುತ್ತದೆ. ಮುಂದಿನ ಕಾರು ನಿಂತಷ್ಟು ದೂರದಲ್ಲಿ ಹಿಂದಿನ ಬುಲೆಟ್ಟು ನಿಲ್ಲದಿದ್ದರೆ ಡಗ್ ಡಗ್ ಸದ್ದು ಕಾಪಾಡುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೇಲಿನ ಎಲ್ಲ ಹೊಸ ಮೋಟಾರು ಸೈಕಲ್ಲುಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಉಸುಕಿನ ಮೇಲೆ, ಒದ್ದೆ ರಸ್ತೆಯ ಮೇಲೆ ಗಾಬರಿಯಿಂದ ಬ್ರೇಕು ಹಿಡಿದಾಗ ಗಾಲಿ ಕಚ್ಚಿ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ. ತವಂದಿ ಘಟ್ಟದಲ್ಲಿ ಜಾರಿದ ಆ ಗಾಲಿಯನ್ನು ನಾನು ಇನ್ನೂ ಕನಸಿನಲ್ಲಿ ಕಾಣುತ್ತೇನೆ, ಹಾಗಾಗಿ ಈ ಮೂರಕ್ಷರಕ್ಕೆ ನನ್ನ ಮಟ್ಟಿಗೆ ಬಂಗಾರದ ಗೆರೆಗಿಂತ ಬೆಲೆ ಹೆಚ್ಚು. ಯುಸಿಇ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳಬಾರದು ಎಂಬುದಕ್ಕೂ ಇದೇ ಕಾರಣ: ಆ ತಲೆಮಾರಿನ ಬುಲೆಟ್ಟುಗಳಲ್ಲಿಯೂ ಬಹಳ ವರ್ಷ ಮುಂದೆ ಡ್ರಮ್ಮೇ ಇತ್ತು.

ಹಿರಿಯರ ಮೂರನೆಯ ಮಾತು ಬೆಲೆಯದು. ಹಳೆಯ ಬುಲೆಟ್ಟಿನ ಬೆಲೆ ಇಳಿಯುವುದಿಲ್ಲವಂತೆ, ಅದು ಬಂಗಾರವಂತೆ. ಬಂಗಾರಕ್ಕೆ ಆರ್‌ಟಿಓ ಇಲ್ಲ! ಮೋಟಾರು ಸೈಕಲ್ಲಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಗಾಡಿಯನ್ನು ತೋರಿಸಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಿಂದ 300 ರೂಪಾಯಿಯಿದ್ದದ್ದು 1000 ಆಯಿತು. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ 2000 ಆಯಿತು. ಶುಲ್ಕ ಒಂದು ಕಡೆ, ಅಲೆದಾಟ ಒಂದು ಕಡೆ. ದಿಲ್ಲಿಯ ನಮ್ಮ ಬಾಂಧವರ ಅವಸ್ಥೆ ಇನ್ನೂ ಕಷ್ಟದ್ದು. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಅಲ್ಲಿ ಓಡಬಾರದೆಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು, ಆ ಮೇಲೂ ಏರುಪೇರುಗಳು ನಡೆದೇ ಇವೆ.

ಮತ್ತು ನಮ್ಮಂಥ ವಲಸಿಗರಿಗೆ ಮಾತ್ರ ಅರ್ಥವಾಗುವ ಒಂದು ಸಂಗತಿ ಇದೆ. ನಾವು ಹಳೆಯ ಗಾಡಿಯನ್ನು ಪುಣೆಯಲ್ಲಿ ಹುಡುಕುವುದಿಲ್ಲ, ಊರಲ್ಲಿ ಹುಡುಕುತ್ತೇವೆ. ಗದಗಿನಲ್ಲಿ ಯಾರದೋ ಮಾವನವರದು ಹಿತ್ತಲಲ್ಲಿ ನಿಂತಿದೆ, ಸ್ವಸ್ತದಲ್ಲಿ ಕೊಡುತ್ತಾರೆ, ಕೆಎ ನಂಬರಿನದು. ತಂದು ಇಲ್ಲಿ ಓಡಿಸುತ್ತೇವೆ. ಕಾಯದೆಯ ಪ್ರಕಾರ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರು ಪಡೆಯಬೇಕು. ಅದಕ್ಕೆ ಆ ಆರ್‌ಟಿಓದಿಂದ ಎನ್‌ಒಸಿ ಬೇಕು, ಮಾರಿದವನ ಸಹಿ ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ಬೆನ್ನು ಹತ್ತಿ ವಾಪಸು ಪಡೆಯಬೇಕು. 1988ರ ಗಾಡಿಯ ಮೂಲ ಮಾಲೀಕರು ಸ್ವರ್ಗಸ್ಥರಾಗಿರುತ್ತಾರೆ, ನಡುವೆ ಮೂರು ಕೈ ಬದಲಾಗಿರುತ್ತದೆ, ಆದರೆ ಆರ್‌ಸಿ ಬುಕ್ಕಿನಲ್ಲಿ ಇನ್ನೂ ಅವರದೇ ಹೆಸರು. ಇಂಥ ಒಂದು ಗಾಡಿಯನ್ನು ನಮ್ಮ ಸೊಸಾಯಟಿಯ ಒಬ್ಬರು ಮೂರು ವರ್ಷದಿಂದ ಬರೀ ಒರೆಸುತ್ತಿದ್ದಾರೆ. ರಸ್ತೆಗೆ ತರುವಂತಿಲ್ಲ, ಮಾರುವಂತಿಲ್ಲ.

ಪಡಸಾಲೆಯಲ್ಲಿ ಮೈಸೂರಿನವರೊಬ್ಬರು, ಬುಲೆಟ್ ಯಾಕೆ, ಕನ್ನಡಿಗನಾದವನು ನಮ್ಮ ಮೈಸೂರಿನ ಯೆಜ್ಡಿಯನ್ನೇ ಕೊಳ್ಳಬೇಕು ಎಂದು ನಡುವೆ ಬಾವುಟ ಎತ್ತಿದರು. ಯಾದವಗಿರಿಯ ಆ ಕಾರಖಾನೆಯ ಮೇಲೆ ನನಗೂ ಅಭಿಮಾನವಿದೆ. ಆದರೆ ಅದು 1996ರಲ್ಲಿ ಬಾಗಿಲು ಮುಚ್ಚಿತು. ಮುಚ್ಚುವ ಮುಂಚಿನ ವರ್ಷಗಳಲ್ಲಿ ನಾವೆಲ್ಲ ಯಾವ ಗಾಡಿ ಕೊಂಡೆವು ಎಂದು ಒಬ್ಬೊಬ್ಬರೂ ಎದೆ ಮುಟ್ಟಿ ಹೇಳಿದರೆ ಒಳ್ಳೆಯದು. ನಮ್ಮ ಬೀದಿಯಲ್ಲಂತೂ ಎಲ್ಲರೂ ಜಪಾನಿ ಎಂಜಿನ್ನಿನ ನೂರು ಸಿ.ಸಿ. ಗಾಡಿಗೆ ಸಾಲುಗಟ್ಟಿದ್ದರು. ಅಂದು ತೋರದ ಅಭಿಮಾನವನ್ನು ಇಂದು, ಪ್ರತಿ ಸಲ ಪೆಟ್ರೋಲಿಗೆ ಎಣ್ಣೆ ಅಳೆದು ಬೆರೆಸಬೇಕಾದ ಟೂ ಸ್ಟ್ರೋಕ್ ಗಾಡಿಯ ರೂಪದಲ್ಲಿ, ಆ ರಾಣೇಬೆನ್ನೂರ ಹುಡುಗ ಯಾಕೆ ತೀರಿಸಬೇಕು?

ನನ್ನ ತಕರಾರಿನ ತಿರುಳು ಇಷ್ಟೇ. ಪಡಸಾಲೆಯಲ್ಲಿ ಹಳೆಯ ಬುಲೆಟ್ಟಿನ ಪರವಾಗಿ ಮಾತಾಡಿದ ಆರು ಜನರಲ್ಲಿ ಒಬ್ಬರೂ ಈಗ ಬುಲೆಟ್ ಓಡಿಸುವುದಿಲ್ಲ. ನಾಲ್ವರು ಕಾರಿನಲ್ಲಿ ಬಂದಿದ್ದರು. 2024ರ ಸೆಪ್ಟೆಂಬರಿನಲ್ಲಿ ಪುಣೆ ಹುಬ್ಬಳ್ಳಿ ವಂದೇ ಭಾರತ ಶುರುವಾದ ಮೇಲೆ ಅವರು ಊರಿಗೆ ಹೋಗುವುದು ಎಸಿ ಕುರ್ಚಿಯಲ್ಲಿ ಕೂತು, ತಟ್ಟೆಯಲ್ಲಿ ತಿಂಡಿ ತಿಂದುಕೊಂಡು. ತಮಗೆ ಬೇಡವಾದ ಕಷ್ಟವನ್ನು, ಅದು ತಮ್ಮ ತಾರುಣ್ಯದ ಕಷ್ಟ ಎಂಬ ಒಂದೇ ಕಾರಣಕ್ಕೆ, ಇನ್ನೊಬ್ಬರ ಮಕ್ಕಳ ತಲೆಗೆ ಕಟ್ಟುವುದು ನಮ್ಮ ಪರವೂರಿನ ಕನ್ನಡಿಗರ ಹಳೆಯ ಚಾಳಿ. ನಾವು ಊರು ಬಿಟ್ಟ ವರ್ಷದಲ್ಲಿ ಊರು ನಿಂತಿರಬೇಕು, ಗಾಡಿಯೂ ನಿಂತಿರಬೇಕು. ಭಾಷೆಯ ವಿಷಯದಲ್ಲಿ ಈ ಹಟದಿಂದ ಏನೋ ಲಾಭ ಆಗಿರಬಹುದು. ಬ್ರೇಕಿನ ವಿಷಯದಲ್ಲಿ ಆಗುವುದಿಲ್ಲ.

ಇನ್ನೊಂದು ತುದಿಯ ಉಪದೇಶಕರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಯಾಕೆ, ತಿಂಗಳ ಕಂತಿನ ಮೇಲೆ ಹೊಚ್ಚಹೊಸದನ್ನೇ ತಗೋ ಎನ್ನುವವರು. ಕೈಯಲ್ಲಿ ಒಂದು ಲಕ್ಷ ಹತ್ತು ಸಾವಿರ ನಗದು ಇದ್ದವನನ್ನು ಮೂರು ವರ್ಷದ ಸಾಲಕ್ಕೆ ನೂಕುವ ಈ ಔದಾರ್ಯಕ್ಕೂ ನನ್ನ ಮತವಿಲ್ಲ. ಊರಲ್ಲಿ ಅವನ ತಂದೆಗೆ ಕಣ್ಣಿನ ಆಪರೇಶನ್ ಆಗಬೇಕಂತೆ.

ನನ್ನ ಮತ ಇದು. ಇಬ್ಬರು ಕೂತು ದೂರ ಹೋಗುವುದಕ್ಕಾದರೆ, ಅವನ ಹಣಕ್ಕೆ, 2019ರ ಏಪ್ರಿಲ್‌ನ ನಂತರ ತಯಾರಾದ, ಎಬಿಎಸ್ ಇರುವ, ಕಾರ್ಬುರೇಟರಿನ ಯುಸಿಇ ನೋಡಬೇಕು. ಅದು ಒಂದು ವರ್ಷದ ಅವಧಿಯಲ್ಲಿ ಮಾತ್ರ ಬಂದ ಗಾಡಿ. 2020ಕ್ಕೆ ಹೊಸ ಹೊಗೆ ನಿಯಮದ ಜೊತೆ ಇಂಜೆಕ್ಷನ್ ಬಂತು. ಹಳೆಯ ಮಿಸ್ತ್ರಿಯ ಕೈಗೂ ಸಿಗುವ ಎಂಜಿನ್ನು, ಹೊಸ ಕಾಲದ ಬ್ರೇಕು, ಎರಡೂ ಕೂಡಿದ್ದು ಆ ಸಂಧಿಕಾಲದಲ್ಲಿ. ಅವುಗಳಲ್ಲಿ ಹಲವಕ್ಕೆ ಕಿಕ್ಕೂ ಇದೆ, ಸೆಲ್ಫೂ ಇದೆ. ಇನ್ನೊಂದು ಐವತ್ತು ಸಾವಿರ ಕೂಡಿಸುವ ತನಕ ಕಾಯುವ ತಾಳ್ಮೆಯಿದ್ದರೆ 2021ರ ನಂತರದ ಜೆ ಸೀರೀಸ್. ಕಿಕ್ ಇಲ್ಲ, ಆದರೆ ಹಿಂದೆ ಕೂತವರ ಸೊಂಟ ಹರಸುತ್ತದೆ. ಥಂಡರ್‌ಬರ್ಡ್ ಕೇಳುವವರೂ ಇದ್ದಾರೆ. ಹ್ಯಾಂಡಲ್ಲು ಎತ್ತರ, ಕೂರುವ ಭಂಗಿ ದೂರಕ್ಕೆ ಹಿತ, 2012ರ ನಂತರದವಕ್ಕೆ 20 ಲೀಟರ್ ಟ್ಯಾಂಕು. ಅಲ್ಲಿಯೂ ನನ್ನ ಗೆರೆ ಅದೇ ಎಬಿಎಸ್ಸಿನದು.

ನೋಡುವಾಗ ಏನು ನೋಡಬೇಕೆಂದರೆ, ಮೊದಲು ಗಾಡಿಯನ್ನಲ್ಲ, ಕಾಗದ ನೋಡಬೇಕು. ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಬೆರಳಿಟ್ಟು ಆರ್‌ಸಿ ಜೊತೆ ತಾಳೆ ಹಾಕಬೇಕು. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಬ್ಯಾಂಕಿನವರು ಕೈ ಬಿಟ್ಟಿದ್ದಕ್ಕೆ 35ನೆಯ ನಮೂನೆಯ ಪತ್ರ ಇದೆಯೇ ಕೇಳಬೇಕು. 29 ಮತ್ತು 30ನೆಯ ನಮೂನೆಗಳಿಗೆ ಹಣ ಕೊಡುವ ದಿನವೇ ಸಹಿ ಮಾಡಿಸಬೇಕು. ಯುಸಿಇಯಲ್ಲಿ ಸೆಲ್ಫ್ ಒತ್ತಿದಾಗ ಕರಕರ ಸದ್ದು ಬಂದು ಎಂಜಿನ್ ತಿರುಗದಿದ್ದರೆ ಒಳಗಿನ ಸ್ಪ್ರಾಗ್ ಕ್ಲಚ್ ಹೋಗಿದೆ ಎಂದೇ ತಿಳಿಯಬೇಕು; ಬ್ಯಾಟರಿ ಇಳಿದಾಗ ಬಟನ್ ಒತ್ತುತ್ತಲೇ ಕೂತವರ ಗಾಡಿಗೆ ಇದು ಬರುವುದು ಹೆಚ್ಚು, ದುರಸ್ತಿ ದುಬಾರಿ. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹತ್ತಬೇಕು, ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಆರಬೇಕು. ಹತ್ತದೇ ಇದ್ದರೆ ಬಲ್ಬು ಕಿತ್ತಿದ್ದಾರೆಂದು ಅರ್ಥ. ಸೈಲೆನ್ಸರು ಬದಲಾಯಿಸಿದ ಗಾಡಿಯನ್ನು ದೂರದಿಂದಲೇ ನಮಸ್ಕರಿಸಿ ಬಿಡಬೇಕು. ಅದರ ಮಾಲೀಕ ಬೇರೆ ಏನೇನು ಬದಲಾಯಿಸಿದ್ದಾನೋ ದೇವರೇ ಬಲ್ಲ.

ಮತ್ತು ಹೆಂಡತಿಯನ್ನು ಕರೆದುಕೊಂಡು ಹೋಗಿ ಹಿಂದೆ ಕೂಡಿಸಿ ಐದಾರು ಕಿಲೋಮೀಟರ್ ಓಡಿಸಿ ನೋಡಬೇಕು. 420 ಕಿಲೋಮೀಟರಿನಲ್ಲಿ ಅರ್ಧ ಕಷ್ಟ ಹಿಂದಿನ ಸೀಟಿನದು, ಆದರೆ ನಮ್ಮಲ್ಲಿ ಗಾಡಿ ಕೊಳ್ಳುವಾಗ ಆ ಸೀಟಿನ ಮಾತು ಕೇಳುವ ಪದ್ಧತಿಯೇ ಇಲ್ಲ.

ನನ್ನ 1986ರ ಗಾಡಿಯನ್ನು ಏನು ಮಾಡುತ್ತೀರಿ ಎಂದು ಈ ಲೇಖನದ ಕರಡು ಓದಿದ ಸಂಪಾದಕರು ಕೇಳಿದರು. ಅದು ನನ್ನ ಹತ್ತಿರವೇ ಇರುತ್ತದೆ. ಮುಂಜಾನೆ ಡಿಕಂಪ್ರೆಸರ್ ಹಿಡಿದು, ಆಂಪ್‌ಮೀಟರಿನ ಮುಳ್ಳು ನಡುವಿಗೆ ಬರುವುದನ್ನೇ ಕಾಯ್ದು, ಒಂದೇ ಕಿಕ್ಕಿಗೆ ಅದು ಎದ್ದಾಗ ಆಗುವ ಸುಖವನ್ನು ನಾನು ಇಲ್ಲವೆನ್ನಲಾರೆ. ನಮ್ಮ ಕಾಲನಿಯ ಮೂರು ಸುತ್ತು ಹಾಕಿ ತಂದು ನಿಲ್ಲಿಸುತ್ತೇನೆ. ಬೇರೆ ಯಾರ ಕೈಗೂ ಕೀಲಿ ಕೊಡುವುದಿಲ್ಲ, ಮಾರಾಟಕ್ಕೂ ಇಲ್ಲ. ಈಗಾಗಲೇ ಸಂಘದ ಇಬ್ಬರು ಕೇಳಿದ್ದಾರೆ. ಅವರಿಗೂ ಇದೇ ಉತ್ತರ.

ಆ ಹುಡುಗನ ಫೋನ್ ನಂಬರನ್ನು ಕಾರ್ಯದರ್ಶಿಗಳಿಂದ ಪಡೆದು ಮಾತಾಡಿದೆ. ಹಿರಿಯರ ಮಾತಿನ ಮೇಲೆ ಒಂದು 1992ರ ಗಾಡಿಗೆ ಮುಂಗಡ ಕೊಡುವವನಿದ್ದ, ಸದ್ಯಕ್ಕೆ ತಡೆದಿದ್ದಾನೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಅವರಿಬ್ಬರ ಜೊತೆ ಚಿಂಚವಡಕ್ಕೆ ಹೋಗಿ 2019ರ ಆಗಸ್ಟಿನ ಒಂದು ಗಾಡಿ ನೋಡುವುದಿದೆ. ನನ್ನ ತಂಗಿಯ ಮಗನೂ ಬರುತ್ತೇನೆಂದಿದ್ದಾನೆ. ಓಡಿಸಿ ನೋಡುವವನು ಅವನೇ. ಮಾಲೀಕರಿಗೆ, ನಾವು ಬರುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ ಎಂದು ಹೇಳಿ ಕಳಿಸಿದ್ದೇನೆ.